ಹೊಸ ಕಾರಿನ ಡೀಲರ್ ಸ್ಟಿಕ್ಕರ್ ಮತ್ತು ಬ್ಯಾಡ್ಜ್‌ಗಳನ್ನು ಬಣ್ಣಕ್ಕೆ ಗೀರಾಗದಂತೆ ತೆಗೆಯುವ ವಿಧಾನ

ಹೊಸ ಕಾರನ್ನು ಮನೆಗೆ ತಂದ ಓದುಗರು ಮತ್ತೆ ಮತ್ತೆ ಕೇಳುವ ಪ್ರಶ್ನೆಯೊಂದಿದೆ. ಹಿಂಬದಿಯ ಗಾಜಿನ ಮೇಲೆ, ಡಿಕ್ಕಿಯ ಮೂಲೆಯಲ್ಲಿ, ಬಂಪರಿನ ಮೇಲೆ ಶೋರೂಂನವರು ಅಂಟಿಸಿರುವ ತಮ್ಮ ಹೆಸರಿನ ಸ್ಟಿಕ್ಕರ್‌ಗಳನ್ನು ತೆಗೆಯಬಹುದೇ, ತೆಗೆದರೆ ಬಣ್ಣ ಕಿತ್ತು ಬರುವುದೇ, ವಾರಂಟಿಗೆ ತೊಂದರೆಯಾಗುವುದೇ ಎಂಬುದು ಆ ಪ್ರಶ್ನೆ. ತೆಗೆಯಬಹುದು. ಆ ಸ್ಟಿಕ್ಕರ್‌ಗಳು ಡೀಲರ್‌ನ ಜಾಹೀರಾತುಗಳೇ ಹೊರತು ಕಾರಿನ ದಾಖಲೆಗೋ ಸುರಕ್ಷತೆಗೋ ಸಂಬಂಧಿಸಿದವಲ್ಲ. ಹಣ ಕೊಟ್ಟು ಕೊಂಡ ಕಾರಿನ ಮೇಲೆ ಅವು ಇರಬೇಕೋ ಬೇಡವೋ ಎಂಬುದನ್ನು ನಿರ್ಧರಿಸಬೇಕಾದವರು ನೀವು. ಸರಿಯಾದ ಕ್ರಮದಲ್ಲಿ ತೆಗೆದರೆ ಬಣ್ಣಕ್ಕೆ ಏನೂ ಆಗುವುದಿಲ್ಲ. ಬಣ್ಣ ಹಾಳಾದ ಕಾರುಗಳನ್ನು ನೋಡಿದರೆ ಬಹುಪಾಲು ಕಡೆ ಕಾರಣ ಸ್ಟಿಕ್ಕರಿನ ಅಂಟಾಗಿರುವುದಿಲ್ಲ. ಬ್ಲೇಡು, ಥಿನ್ನರ್, ಧೂಳಿನ ಬಟ್ಟೆ ಮತ್ತು ಅವಸರ ಇವೇ ಆಗಿರುತ್ತವೆ.

ಕಾರು ಇನ್ನೂ ಡೆಲಿವರಿಯಾಗಿಲ್ಲದಿದ್ದರೆ ನಿಮ್ಮ ಕೆಲಸ ಬಹಳ ಸುಲಭ. ಡೀಲರ್ ಹೆಸರಿನ ಸ್ಟಿಕ್ಕರ್, ಪ್ಲಾಸ್ಟಿಕ್ ಲಾಂಛನ, ಹೆಸರು ಮುದ್ರಿಸಿದ ನಂಬರ್ ಪ್ಲೇಟ್ ಚೌಕಟ್ಟು ಇವು ಯಾವುವೂ ಬೇಡವೆಂದು ಬುಕಿಂಗ್ ಫಾರಂನಲ್ಲೇ ಬರೆಸಿ, ಸೇಲ್ಸ್ ಎಕ್ಸಿಕ್ಯೂಟಿವ್‌ಗೆ ವಾಟ್ಸ್ಆ್ಯಪ್‌ನಲ್ಲೂ ಒಂದು ಸಂದೇಶ ಕಳುಹಿಸಿಡಿ. ಬಾಯಿಮಾತಿನಲ್ಲಿ ಹೇಳಿದ್ದು ಸ್ಟಾಕ್‌ಯಾರ್ಡಿನಲ್ಲಿ ಕಾರನ್ನು ಸಿದ್ಧಪಡಿಸುವ ಹುಡುಗರವರೆಗೆ ತಲುಪುವುದೇ ಇಲ್ಲ. ಡೆಲಿವರಿಗೆ ಮುಂಚಿನ ತಪಾಸಣೆಗೆ, ಅಂದರೆ ಪಿಡಿಐಗೆ ಹೋದಾಗ ಈ ಮಾತನ್ನು ಮತ್ತೊಮ್ಮೆ ನೆನಪಿಸಿ. ಆದರೆ ಈಗಾಗಲೇ ಸ್ಟಿಕ್ಕರ್ ಅಂಟಿಸಿಬಿಟ್ಟಿದ್ದರೆ, ಡೆಲಿವರಿಯ ದಿನ ಅಲ್ಲೇ ನಿಂತು ಕೀಳಿಸಬೇಡಿ. ಆ ಗಡಿಬಿಡಿಯಲ್ಲಿ ಯಾರೋ ಒಬ್ಬರು ಉಗುರಿನಿಂದ ಎಬ್ಬಿಸಿ, ಉಳಿದ ಅಂಟನ್ನು ಥಿನ್ನರ್ ಬಟ್ಟೆಯಿಂದ ತಿಕ್ಕಿ ಕೊಡುತ್ತಾರೆ. ಮನೆಗೆ ತಂದು ನಿಧಾನವಾಗಿ ಮಾಡುವುದೇ ಮೇಲು. ಹಾಗೆಂದು ತಿಂಗಳುಗಟ್ಟಲೆ ಮುಂದೂಡುವುದೂ ಸರಿಯಲ್ಲ. ಬಿಸಿಲಿಗೆ ಒಡ್ಡಿಕೊಂಡ ವಿನೈಲ್ ಗಡಸಾಗಿ ಚೂರುಚೂರಾಗಿ ಬರತೊಡಗುತ್ತದೆ, ಅಂಟು ಗಟ್ಟಿಯಾಗುತ್ತದೆ, ಸುತ್ತಲಿನ ಬಣ್ಣ ಮಾಸಿ ಸ್ಟಿಕ್ಕರಿನ ಅಡಿಯ ಬಣ್ಣ ಮಾತ್ರ ಹೊಸದಾಗಿಯೇ ಉಳಿಯುವುದರಿಂದ ತೆಗೆದ ಮೇಲೂ ಅದರ ಅಚ್ಚು ಕಾಣುತ್ತದೆ. ಮೊದಲ ಕೆಲವು ವಾರಗಳಲ್ಲಿ ಈ ಮೂರು ತೊಂದರೆಗಳೂ ಇರುವುದಿಲ್ಲ.

ಮೊದಲು ತಿಳಿಯಬೇಕಾದದ್ದು: ಯಾವುದನ್ನು ಮುಟ್ಟಬಾರದು

ಹೊಸ ಕಾರಿನ ಮೇಲಿರುವ ಎಲ್ಲ ಸ್ಟಿಕ್ಕರ್‌ಗಳೂ ಜಾಹೀರಾತುಗಳಲ್ಲ. ಸ್ವಚ್ಛಗೊಳಿಸುವ ಉತ್ಸಾಹದಲ್ಲಿ ಇವುಗಳಿಗೆ ಕೈಹಾಕಿ ತೊಂದರೆಗೆ ಸಿಲುಕುವವರು ಕಡಿಮೆಯೇನಿಲ್ಲ, ಆದ್ದರಿಂದ ಸಾಮಾನು ಹೊಂದಿಸುವ ಮೊದಲು ಈ ಭಾಗವನ್ನು ಓದಿ.

ಮುಂಬದಿ ಗಾಜಿನ ಒಳಗಡೆ ಅಂಟಿಸಿರುವ ಫಾಸ್ಟ್ಯಾಗ್ ಅನ್ನು ಕೀಳಬೇಡಿ. ಟೋಲ್ ಕಟ್ಟಲು ಬಳಸುವ ಈ ಟ್ಯಾಗನ್ನು 2017ರ ಡಿಸೆಂಬರ್ 1ರಿಂದ ಮಾರಾಟವಾಗುವ ಹೊಸ ನಾಲ್ಕು ಚಕ್ರದ ವಾಹನಗಳಿಗೆ ಹಾಕಿಯೇ ಕೊಡಬೇಕೆಂಬ ನಿಯಮವಿದೆ. ಅದರೊಳಗೆ ತೆಳುವಾದ ಆಂಟೆನಾ ಇರುತ್ತದೆ. ಕಿತ್ತು ಬೇರೆಡೆ ಅಂಟಿಸಲು ಹೋದರೆ ಅದು ಹರಿದು ಟ್ಯಾಗ್ ನಿಷ್ಪ್ರಯೋಜಕವಾಗುತ್ತದೆ. ಅದೇ ಗಾಜಿನ ಮೇಲೆ ಹೊಲೊಗ್ರಾಂ ಇರುವ ಇನ್ನೊಂದು ಸ್ಟಿಕ್ಕರ್ ಇರುತ್ತದೆ. ಅದು ಅತಿ ಸುರಕ್ಷಿತ ನೋಂದಣಿ ಫಲಕದ, ಅಂದರೆ ಎಚ್‌ಎಸ್‌ಆರ್‌ಪಿಯ ಭಾಗ. ವಾಹನದ ಮೂರನೆಯ ನೋಂದಣಿ ಗುರುತು ಎಂದು ಅದಕ್ಕೆ ಹೆಸರು. ನೋಂದಣಿ ಸಂಖ್ಯೆ, ಎಂಜಿನ್ ಮತ್ತು ಚಾಸಿ ಸಂಖ್ಯೆಗಳು ಅದರಲ್ಲಿ ಇರುತ್ತವೆ, ಎಬ್ಬಿಸಿದರೆ ತಾನಾಗಿ ಹರಿದುಹೋಗುವಂತೆಯೇ ಅದನ್ನು ತಯಾರಿಸಲಾಗಿದೆ. 2019ರ ಏಪ್ರಿಲ್ 1ರಿಂದ ತಯಾರಾದ ಎಲ್ಲ ಹೊಸ ವಾಹನಗಳಿಗೂ ಈ ಫಲಕಗಳು ಕಡ್ಡಾಯ.

ಚಾಲಕನ ಬಾಗಿಲು ತೆರೆದಾಗ ಕಂಬದ ಮೇಲೆ ಕಾಣುವ ಟೈರಿನ ಗಾಳಿಯ ಒತ್ತಡದ ಪಟ್ಟಿ, ಚಾಸಿ ಸಂಖ್ಯೆಯ ಪಟ್ಟಿ, ಸನ್ ವೈಸರಿನ ಮೇಲಿನ ಏರ್‌ಬ್ಯಾಗ್ ಎಚ್ಚರಿಕೆ, ಇಂಧನದ ಮುಚ್ಚಳದ ಒಳಗಿನ ಸೂಚನೆ, ಬಾನೆಟ್ ಅಡಿಯ ಎಸಿ ಅನಿಲದ ಮತ್ತು ಬಿಸಿಭಾಗಗಳ ಎಚ್ಚರಿಕೆ ಇವೆಲ್ಲ ಕಾರು ತಯಾರಕರು ಹಾಕಿದವು, ಇದ್ದಲ್ಲಿಯೇ ಇರಲಿ. ಸಿಎನ್‌ಜಿ ಕಾರುಗಳ ಮೇಲಿನ ಸಿಎನ್‌ಜಿ ಗುರುತನ್ನೂ ತೆಗೆಯಬಾರದು. ಅಪಘಾತವೋ ಬೆಂಕಿಯೋ ಸಂಭವಿಸಿದಾಗ ಕಾರಿನಲ್ಲಿ ಅನಿಲದ ಸಿಲಿಂಡರ್ ಇದೆಯೆಂದು ನೆರವಿಗೆ ಬಂದವರಿಗೆ ತಿಳಿಯುವುದು ಆ ಗುರುತಿನಿಂದಲೇ.

ನಂಬರ್ ಪ್ಲೇಟಿನ ಸುತ್ತ ಡೀಲರ್ ಹೆಸರಿನ ಚೌಕಟ್ಟಿದ್ದರೆ ಇಲ್ಲಿ ಸ್ವಲ್ಪ ಯೋಚಿಸಬೇಕು. ಎಚ್‌ಎಸ್‌ಆರ್‌ಪಿ ಫಲಕವನ್ನು ಬಿಚ್ಚಲಾಗದ ಸ್ನ್ಯಾಪ್ ಲಾಕ್‌ಗಳಿಂದ ಬಿಗಿದಿರುತ್ತಾರೆ. ಚೌಕಟ್ಟು ಆ ಲಾಕ್‌ನ ಅಡಿಯಲ್ಲಿಯೇ ಸಿಕ್ಕಿಕೊಂಡಿದ್ದರೆ, ಅದನ್ನು ತೆಗೆಯಲು ಲಾಕ್ ಮುರಿಯಬೇಕಾಗುತ್ತದೆ, ಹಾಗೆ ಮಾಡಬೇಡಿ. ಚೌಕಟ್ಟಿನ ಮೇಲಿನ ಹೆಸರು ಸ್ಟಿಕ್ಕರ್ ಆಗಿದ್ದರೆ ಅದನ್ನಷ್ಟೇ ತೆಗೆಯಿರಿ, ಅಚ್ಚಾಗಿದ್ದರೆ ಅದೇ ಅಗಲಕ್ಕೆ ಕತ್ತರಿಸಿದ ಕಪ್ಪು ವಿನೈಲ್ ಪಟ್ಟಿಯಿಂದ ಮುಚ್ಚಿ. ಪಟ್ಟಿ ನೋಂದಣಿ ಅಕ್ಷರಗಳ ಮೇಲಾಗಲಿ, ಹೊಲೊಗ್ರಾಂ ಮೇಲಾಗಲಿ ಬರದಂತೆ ನೋಡಿಕೊಳ್ಳಿ.

ಬಣ್ಣದ ಬಗ್ಗೆ ಎರಡು ಮಾತು

ಇಂದಿನ ಕಾರುಗಳ ಬಣ್ಣ ಹಲವು ಪದರಗಳಲ್ಲಿ ಇರುತ್ತದೆ. ತಗಡಿನ ಮೇಲೆ ತುಕ್ಕು ತಡೆಯುವ ಪದರ, ಅದರ ಮೇಲೆ ಪ್ರೈಮರ್, ಅದರ ಮೇಲೆ ನಾವು ಕಾಣುವ ಬಣ್ಣ, ಎಲ್ಲಕ್ಕೂ ಮೇಲೆ ಹೊಳಪು ಕೊಡುವ ಪಾರದರ್ಶಕ ಪದರ. ಈ ಕೊನೆಯ ಪದರವನ್ನು ಕ್ಲಿಯರ್ ಕೋಟ್ ಎನ್ನುತ್ತಾರೆ. ಸಾಮಾನ್ಯವಾಗಿ ಅದರ ದಪ್ಪ 35ರಿಂದ 50 ಮೈಕ್ರಾನ್. ಒಂದು ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಭಾಗ. ನಮ್ಮ ತಲೆಕೂದಲಿಗಿಂತ ತೆಳುವಾದ ಈ ಪದರವೇ ಬಿಸಿಲು, ಮಳೆ, ಹಕ್ಕಿಯ ಹಿಕ್ಕೆಗಳಿಂದ ಬಣ್ಣವನ್ನು ಕಾಯುತ್ತದೆ. ಸ್ಟಿಕ್ಕರ್ ತೆಗೆಯುವಾಗ ಬೀಳುವ ಗೀರುಗಳೆಲ್ಲ ಬೀಳುವುದು ಇದರ ಮೇಲೆಯೇ.

ಕಾರ್ಖಾನೆಯಲ್ಲಿ ಬಣ್ಣ ಬಳಿದ ತಗಡಿನ ಬಾಡಿಯನ್ನು ಸುಮಾರು 140 ಡಿಗ್ರಿ ಸೆಲ್ಸಿಯಸ್ ಉಷ್ಣದ ಒಲೆಯಲ್ಲಿ ಹದಗೊಳಿಸುತ್ತಾರೆ. ಹೇರ್ ಡ್ರೈಯರ್‌ನ ಬಿಸಿ ಅದಕ್ಕೆ ಲೆಕ್ಕಕ್ಕಿಲ್ಲ. ಪ್ಲಾಸ್ಟಿಕ್ ಬಂಪರುಗಳ ಮಾತು ಬೇರೆ. ಅವುಗಳಿಗೆ ಅಷ್ಟು ಬಿಸಿ ಕೊಡಲಾಗುವುದಿಲ್ಲ, ಆದ್ದರಿಂದ ಅವುಗಳ ಬಣ್ಣವನ್ನು ಬೇರೆಯಾಗಿಯೇ ಕಡಿಮೆ ಉಷ್ಣದಲ್ಲಿ ಹದಗೊಳಿಸುತ್ತಾರೆ. ಸಾಗಾಟದಲ್ಲಿ ಪೆಟ್ಟು ಬಿದ್ದು ವರ್ಕ್‌ಶಾಪಿನಲ್ಲಿ ಮತ್ತೆ ಬಣ್ಣ ಕಂಡ ಬಾಗಿಲು ಅಥವಾ ಡಿಕ್ಕಿಯೂ ಹಾಗೆಯೇ. ಅಂಥ ಕಡೆ ಸ್ಟಿಕ್ಕರಿನೊಂದಿಗೆ ಬಣ್ಣವೂ ಎದ್ದುಬರುವ ಅಪಾಯ ನಿಜವಾಗಿಯೂ ಇದೆ. ಒಂದು ಭಾಗದ ಬಣ್ಣ ಉಳಿದದ್ದಕ್ಕಿಂತ ಸ್ವಲ್ಪ ಬೇರೆಯಾಗಿ ಕಂಡರೆ, ಅಂಚಿನ ರಬ್ಬರಿನ ಮೇಲೆ ಬಣ್ಣದ ಹನಿಗಳಿದ್ದರೆ, ಅಲ್ಲಿ ಕೈಹಾಕುವ ಮೊದಲು ಡೀಲರ್ ಬಳಿ ಲಿಖಿತವಾಗಿ ವಿಚಾರಿಸಿ.

ವಾರಂಟಿಯ ಪ್ರಶ್ನೆಗೂ ಉತ್ತರ ಇಲ್ಲಿಯೇ ಇದೆ. ಸ್ಟಿಕ್ಕರನ್ನೋ ಬ್ಯಾಡ್ಜನ್ನೋ ತೆಗೆದ ಮಾತ್ರಕ್ಕೆ ಎಂಜಿನ್, ಗೇರ್‌ಬಾಕ್ಸ್‌ಗಳ ವಾರಂಟಿಗೂ ಅದಕ್ಕೂ ಸಂಬಂಧ ಹುಟ್ಟುವುದಿಲ್ಲ. ಆದರೆ ನಿಮ್ಮ ಕೈಯಿಂದ ಆದ ಗೀರು ಅಥವಾ ಬಣ್ಣದ ಹಾನಿಯನ್ನು ಕಂಪನಿ ಸರಿಪಡಿಸಿಕೊಡುವುದಿಲ್ಲ.

ಬೇಕಾಗುವ ಸಾಮಗ್ರಿ

ಮನೆಯ ಹೇರ್ ಡ್ರೈಯರ್, ಕಾರ್ ಶಾಂಪೂ, ಎರಡು ಬಕೆಟ್ ನೀರು, ಐದಾರು ಶುಭ್ರವಾದ ಮೈಕ್ರೋಫೈಬರ್ ಬಟ್ಟೆಗಳು, ಪೇಂಟರುಗಳು ಬಳಸುವ ಮಾಸ್ಕಿಂಗ್ ಟೇಪ್, ಅವಧಿ ಮುಗಿದ ಪ್ಲಾಸ್ಟಿಕ್ ಕಾರ್ಡು, ರಬ್ಬರ್ ಕೈಗವಸು. ಬ್ಯಾಡ್ಜ್ ತೆಗೆಯುವುದಿದ್ದರೆ ಇವುಗಳ ಜೊತೆಗೆ ಮೀನು ಹಿಡಿಯುವ ನೈಲಾನ್ ಗಾಳದ ದಾರ ಬೇಕು. ಹಲ್ಲಿನ ಸಂದು ಸ್ವಚ್ಛಗೊಳಿಸುವ ಡೆಂಟಲ್ ಫ್ಲಾಸ್ ಕೂಡ ಆಗುತ್ತದೆ, ಆದರೆ ಪದೇ ಪದೇ ತುಂಡಾಗುತ್ತದೆ.

ಅಂಟು ಕರಗಿಸುವ ದ್ರಾವಣದ ಆಯ್ಕೆಯಲ್ಲಿ ಹೆಚ್ಚು ಎಚ್ಚರ ಬೇಕು. ಅಂಗಡಿಯಲ್ಲಿ ಸಿಗುವ, ಕಾರಿನ ಬಣ್ಣಕ್ಕೆಂದೇ ತಯಾರಿಸಿದ ಅಂಟು ನಿವಾರಕ ಎಲ್ಲಕ್ಕಿಂತ ಒಳ್ಳೆಯದು. ತ್ರೀಎಂ ಮೊದಲಾದ ಕಂಪನಿಗಳದು ಸಿಗುತ್ತದೆ. ಅದಿಲ್ಲದಿದ್ದರೆ ಔಷಧಿ ಅಂಗಡಿಯ ನೀಲಗಿರಿ ಎಣ್ಣೆ ಈ ಕೆಲಸವನ್ನು ಚೆನ್ನಾಗಿ ಮಾಡುತ್ತದೆ. ಡಬ್ಲ್ಯೂಡಿ-40 ಕೂಡ ನಡೆಯುತ್ತದೆ. ಕೊನೆಯಲ್ಲಿ ಎಣ್ಣೆಯ ಜಿಡ್ಡನ್ನು ತೆಗೆಯಲು ಐಸೊಪ್ರೊಪೈಲ್ ಆಲ್ಕೊಹಾಲ್ ಬೇಕಾಗುತ್ತದೆ. ಆಸ್ಪತ್ರೆಗಳಲ್ಲಿ ಚರ್ಮ ಒರೆಸಲು ಬಳಸುವ ಬಣ್ಣವಿಲ್ಲದ ಸ್ಪಿರಿಟ್ ಅನೇಕ ವೇಳೆ ಇದೇ ಆಗಿರುತ್ತದೆ. ಅದಕ್ಕೆ ಸಮಪ್ರಮಾಣದ ನೀರು ಬೆರೆಸಿಕೊಳ್ಳಿ.

ಪೇಂಟ್ ಥಿನ್ನರ್, ಪೆಟ್ರೋಲ್, ಅಸಿಟೋನ್ ಇರುವ ನೇಲ್ ಪಾಲಿಶ್ ರಿಮೂವರ್, ಪಾತ್ರೆ ತಿಕ್ಕುವ ಹಸಿರು ಸ್ಕ್ರಬ್ಬರ್, ಸ್ಕ್ರೂಡ್ರೈವರ್, ಕೀಲಿಕೈ ಇವು ಕಾರಿನ ಹತ್ತಿರವೂ ಇರದಿರಲಿ. ಥಿನ್ನರ್ ಕ್ಲಿಯರ್ ಕೋಟನ್ನು ಮೆತ್ತಗಾಗಿಸಿ ಮಬ್ಬುಗೊಳಿಸುತ್ತದೆ. ದೀಪಗಳ ಹೊರಕವಚದ ಪ್ಲಾಸ್ಟಿಕ್ ಮೇಲೆ ಥಿನ್ನರ್ ಅಥವಾ ಅಸಿಟೋನ್ ಬಿದ್ದರೆ ಜೇಡರ ಬಲೆಯಂಥ ಬಿರುಕುಗಳು ಮೂಡುತ್ತವೆ, ಅವು ಮತ್ತೆ ಹೋಗುವುದಿಲ್ಲ. ಸೀಮೆಎಣ್ಣೆ ಅಂಟನ್ನು ಕರಗಿಸುತ್ತದೆ, ನಿಜ. ಆದರೆ ಬಾಗಿಲು ಮತ್ತು ಗಾಜಿನ ಸುತ್ತಲಿನ ರಬ್ಬರ್ ಬೀಡಿಂಗ್ ಅದನ್ನು ಹೀರಿ ಊದಿಕೊಳ್ಳುವುದರಿಂದ ನಾನು ಅದನ್ನು ಸೂಚಿಸುವುದಿಲ್ಲ. ಪೇಂಟ್ ಕೆರೆಯಲು ಬಳಸುವ ಹೀಟ್ ಗನ್ ಕೂಡ ಬೇಡ. ಅದರ ಗಾಳಿ 300 ಡಿಗ್ರಿಯನ್ನೂ ಮೀರಬಲ್ಲದು, ಒಂದೇ ಕಡೆ ಕೆಲವು ಸೆಕೆಂಡು ನಿಂತರೂ ಬಂಪರ್ ಸೊಟ್ಟಗಾಗುತ್ತದೆ.

ಸ್ಟಿಕ್ಕರ್ ತೆಗೆಯುವ ಹಂತಗಳು

1. ಜಾಗ ಮತ್ತು ಹೊತ್ತು. ನೆರಳು ಬೇಕು, ಗಾಳಿಯಾಡಬೇಕು, ಹೇರ್ ಡ್ರೈಯರ್‌ಗೆ ಕರೆಂಟ್ ಸಿಗಬೇಕು. ಬೇಸಿಗೆಯ ನಡುಮಧ್ಯಾಹ್ನ ಬಿಸಿಲಲ್ಲಿ ನಿಂತ ಕಾರಿನ ಮೇಲೆ ದ್ರಾವಣ ಹಚ್ಚಿದರೆ ಅದು ಕೆಲಸ ಮಾಡುವ ಮೊದಲೇ ಆರಿ ಕಲೆಯಾಗುತ್ತದೆ. ಬೆಳಗಿನ ಎಳೆಬಿಸಿಲಲ್ಲಿ ಅರ್ಧ ಗಂಟೆ ನಿಲ್ಲಿಸಿ, ಬಳಿಕ ನೆರಳಿಗೆ ತಂದರೆ ಹದವಾಗಿರುತ್ತದೆ. ಅಪಾರ್ಟ್‌ಮೆಂಟಿನ ನೆಲಮಾಳಿಗೆಯ ಪಾರ್ಕಿಂಗ್‌ನಲ್ಲಿ ದ್ರಾವಣದ ಆವಿ ಹೊರಹೋಗದೆ ಉಳಿಯುವುದರಿಂದ ಅಲ್ಲಿ ಈ ಕೆಲಸ ಬೇಡ.

2. ಚೆನ್ನಾಗಿ ತೊಳೆಯುವುದು. ಸ್ಟಿಕ್ಕರ್ ಇರುವ ಭಾಗವನ್ನೂ ಸುತ್ತಲಿನ ಎರಡು ಅಡಿಯನ್ನೂ ಶಾಂಪೂವಿನಿಂದ ತೊಳೆಯಿರಿ. ಒಂದು ಬಕೆಟಿನಲ್ಲಿ ಶಾಂಪೂ ನೀರು, ಇನ್ನೊಂದರಲ್ಲಿ ಬಟ್ಟೆ ಜಾಲಿಸಲು ಬರೀ ನೀರು ಇರಲಿ. ಹೊಸ ಕಾರಿಗೆ ಪೂಜೆ ಮಾಡಿಸಿದ್ದರೆ ಬಾನೆಟ್ ಮೇಲೂ ಡಿಕ್ಕಿಯ ಮೇಲೂ ಅರಿಶಿನ, ಕುಂಕುಮ, ಅಕ್ಷತೆಯ ಕಾಳು, ಹೂವಿನ ಹಾರ ಕಟ್ಟಿದ ಟೇಪಿನ ತುಣುಕು ಉಳಿದಿರುತ್ತವೆ. ಆ ಪುಡಿಯ ಮೇಲೆ ಒಣಬಟ್ಟೆ ಆಡಿಸಿದರೆ ಗೀರುಗಳು ಖಚಿತ; ಮೊದಲು ನೀರು ಹರಿಸಿ ತೊಳೆದುಹೋಗಲು ಬಿಡಿ, ಆಮೇಲೆ ಬಟ್ಟೆ ಮುಟ್ಟಿಸಿ. ಬೆಂಗಳೂರಿನ ಅನೇಕ ಬಡಾವಣೆಗಳಲ್ಲಿರುವಂತೆ ಗಡಸು ಬೋರ್‌ವೆಲ್ ನೀರಾದರೆ ಹನಿಗಳು ಆರುವ ಮೊದಲೇ ಒರೆಸಿ, ಇಲ್ಲದಿದ್ದರೆ ಬಿಳಿಯ ಚುಕ್ಕೆಗಳು ಉಳಿಯುತ್ತವೆ. ಈ ಹಂತವನ್ನು ಬಿಟ್ಟವರಿಗೇ ಮುಂದೆ ಹೆಚ್ಚು ಗೀರುಗಳಾಗುವುದು.

3. ಬಿಸಿ ಮಾಡುವುದು. ಹೇರ್ ಡ್ರೈಯರನ್ನು 10ರಿಂದ 15 ಸೆಂಟಿಮೀಟರ್ ದೂರದಲ್ಲಿ ಹಿಡಿದು, ಒಂದೇ ಕಡೆ ನಿಲ್ಲಿಸದೆ, ಒಂದರಿಂದ ಎರಡು ನಿಮಿಷ ಆಡಿಸುತ್ತಿರಿ. ಅಂಗೈ ಇಟ್ಟರೆ ಬಿಸಿ ಗೊತ್ತಾಗಬೇಕು, ಆದರೆ ಕೈ ಹಿಂತೆಗೆಯುವಷ್ಟು ಆಗಬಾರದು. ಅಷ್ಟರಲ್ಲಿ ಅಂಟು ಮೆತ್ತಗಾಗಿರುತ್ತದೆ. ಕುದಿಯುವ ನೀರು ಸುರಿಯುವ ಸಲಹೆಯನ್ನು ಕೆಲವರು ಕೊಡುತ್ತಾರೆ. ತಣ್ಣಗಿರುವ ಗಾಜಿನ ಮೇಲೆ ಹಾಗೆ ಮಾಡಿದರೆ ಗಾಜು ಸೀಳಬಹುದು.

4. ಎಬ್ಬಿಸಿ ಎಳೆಯುವುದು. ಒಂದು ಮೂಲೆಯನ್ನು ಪ್ಲಾಸ್ಟಿಕ್ ಕಾರ್ಡಿನ ಅಂಚಿನಿಂದ ಎಬ್ಬಿಸಿ. ಎದ್ದ ತುದಿಯನ್ನು ನಿಮ್ಮ ಕಡೆಗೆ ನೇರವಾಗಿ ಮೇಲಕ್ಕೆ ಎಳೆಯಬೇಡಿ. ಸ್ಟಿಕ್ಕರಿನ ಬೆನ್ನಿಗೆ ತಾಗುವಂತೆ ಹಿಂದಕ್ಕೆ ಮಡಚಿ, ಮೇಲ್ಮೈಗೆ ಹತ್ತಿರವಾಗಿಯೇ, ಬಹಳ ನಿಧಾನವಾಗಿ ಎಳೆಯಿರಿ. ನಿಧಾನವಾಗಿ ಎಳೆದಷ್ಟೂ ಅಂಟು ಸ್ಟಿಕ್ಕರಿನೊಂದಿಗೇ ಬರುತ್ತದೆ, ಬೇಗ ಎಳೆದರೆ ವಿನೈಲ್ ಹರಿದು ಅಂಟು ಅಲ್ಲೇ ಉಳಿಯುತ್ತದೆ. ಎಳೆತ ಬಿಗಿಯಾದಂತೆ ಅನಿಸಿದ ಕೂಡಲೇ ನಿಲ್ಲಿಸಿ ಮತ್ತೆ ಬಿಸಿ ಕೊಡಿ. ಉಬ್ಬಿದ ಪಾರದರ್ಶಕ ರಾಳದ ಹೊದಿಕೆಯಿರುವ ಸ್ಟಿಕ್ಕರ್‌ಗಳು ದಪ್ಪವಾಗಿರುವುದರಿಂದ ಬಿಸಿ ಒಳಗಿಳಿಯಲು ಹೆಚ್ಚು ಹೊತ್ತು ಬೇಕು. ಅವುಗಳ ಅಡಿಗೆ ದಾರ ಹಾಕಿ ಬಿಡಿಸುವುದು ಸುಲಭ.

ಗಾಜಿನ ವಿಷಯಕ್ಕೆ ಬಂದರೆ, ಹಿಂಬದಿ ಗಾಜಿನ ಒಳಮೈಯಲ್ಲಿ ಅಡ್ಡಡ್ಡ ಎಳೆದಂತೆ ಕಾಣುವ ಕಂದುಬಣ್ಣದ ತೆಳು ಗೆರೆಗಳಿರುತ್ತವೆ. ಅವು ಮಂಜು ಕರಗಿಸುವ ಡಿಫಾಗರ್‌ನ ವಿದ್ಯುತ್ ತಂತುಗಳು, ಕೆಲವು ಕಾರುಗಳಲ್ಲಿ ರೇಡಿಯೊ ಆಂಟೆನಾ ಕೂಡ ಅಲ್ಲಿಯೇ ಇರುತ್ತದೆ. ಡೀಲರ್ ಸ್ಟಿಕ್ಕರ್ ಒಳಮೈಯಲ್ಲಿದ್ದರೆ ಬ್ಲೇಡು ಖಂಡಿತ ಬೇಡ, ಪ್ಲಾಸ್ಟಿಕ್ ಕಾರ್ಡನ್ನು ಕೂಡ ಗೆರೆಗಳ ಉದ್ದಕ್ಕೇ ಆಡಿಸಿ, ಅಡ್ಡಕ್ಕೆ ಆಡಿಸಬೇಡಿ. ಒಂದು ಗೆರೆ ಕತ್ತರಿಸಿದರೆ ಆ ಸಾಲಿನ ಗಾಜು ಮತ್ತೆ ಬಿಸಿಯಾಗುವುದಿಲ್ಲ. ಮಡಿಕೇರಿಯಲ್ಲೋ ಸಕಲೇಶಪುರದಲ್ಲೋ ಮಳೆಗಾಲ ಕಳೆಯುವವರಿಗೆ ಅದರ ಬೆಲೆ ಗೊತ್ತಿರುತ್ತದೆ. ಹೊರಮೈಯ ಗಾಜಿನ ಮೇಲೆ ಮಾತ್ರ, ಅದೂ ಸಾಬೂನು ನೀರಿನಿಂದ ಒದ್ದೆ ಮಾಡಿಕೊಂಡು, ಹೊಸ ಬ್ಲೇಡನ್ನು ಗಾಜಿಗೆ ಚಪ್ಪಟೆಯಾಗಿ ಮಲಗಿಸಿ ಒಂದೇ ದಿಕ್ಕಿಗೆ ತಳ್ಳಬಹುದು. ಬಣ್ಣದ ಮೇಲೆ ಬ್ಲೇಡು ಯಾವ ಸಂದರ್ಭದಲ್ಲೂ ಇಲ್ಲ.

5. ಉಳಿದ ಅಂಟು. ಮೊದಲು ಹೇರ್ ಡ್ರೈಯರ್ ಆರಿಸಿ, ಪ್ಲಗ್ ತೆಗೆದು ದೂರವಿಡಿ. ಮುಂದೆ ಬಳಸುವ ದ್ರಾವಣಗಳೆಲ್ಲ ಬೆಂಕಿ ಹತ್ತಿಕೊಳ್ಳುವಂಥವು. ಆರಿಸಿಕೊಂಡ ದ್ರಾವಣವನ್ನು ಬಾಗಿಲಿನ ಒಳ ಅಂಚಿನಂಥ ಕಣ್ಣಿಗೆ ಬೀಳದ ಕಡೆ ಒಂದು ಹನಿ ಹಚ್ಚಿ, ಐದು ನಿಮಿಷ ಬಿಟ್ಟು ಒರೆಸಿ ನೋಡಿ. ಹೊಳಪು ಕುಂದದಿದ್ದರೆ ಮುಂದುವರಿಯಬಹುದು. ದ್ರಾವಣವನ್ನು ಕಾರಿನ ಮೇಲೆ ಚಿಮುಕಿಸದೆ ಬಟ್ಟೆಗೆ ಹಾಕಿಕೊಂಡು, ಆ ಬಟ್ಟೆಯನ್ನು ಅಂಟಿನ ಮೇಲೆ ಮೂರರಿಂದ ಐದು ನಿಮಿಷ ಹಾಗೆಯೇ ಇಡಿ. ಅಂಟು ನೆನೆದು ಬಿಡಿಸಿಕೊಂಡ ಮೇಲೆ ಒತ್ತದೆ ಒಂದೇ ದಿಕ್ಕಿಗೆ ಒರೆಸಿ, ಪ್ರತಿ ಒರೆತಕ್ಕೂ ಬಟ್ಟೆಯ ಹೊಸ ಮಗ್ಗುಲು ತಿರುಗಿಸಿ. ಒಂದೇ ಮಗ್ಗುಲಿನಿಂದ ತಿಕ್ಕುತ್ತಿದ್ದರೆ ಅಂಟು ಸುತ್ತಲೂ ಹರಡುತ್ತದೆ, ಅದಕ್ಕೆ ಹತ್ತಿದ ಧೂಳೇ ಗೀರುತ್ತದೆ. ಹೋಗದಿದ್ದರೆ ಜೋರಾಗಿ ತಿಕ್ಕುವುದು ಪರಿಹಾರವಲ್ಲ, ಮತ್ತೆ ನೆನೆಸಿ.

ಕಪ್ಪು ಬಣ್ಣದ, ಪೇಂಟ್ ಇಲ್ಲದ ಪ್ಲಾಸ್ಟಿಕ್ ಭಾಗಗಳ ಮೇಲೂ ಪರದೆಯ ಮೇಲೂ ದ್ರಾವಣ ಬೀಳದಂತೆ ಮಾಸ್ಕಿಂಗ್ ಟೇಪ್ ಹಚ್ಚಿಕೊಳ್ಳಿ. ಡ್ಯಾಶ್‌ಬೋರ್ಡಿನ ಟಚ್‌ಸ್ಕ್ರೀನ್ ಮೇಲಿನ ರಕ್ಷಣಾ ಹಾಳೆ ಕೈಯಿಂದಲೇ ಬರುತ್ತದೆ, ಅದಕ್ಕೆ ಯಾವ ದ್ರಾವಣವೂ ಬೇಡ.

ಬ್ಯಾಡ್ಜ್ ತೆಗೆಯುವುದಾದರೆ

ಸ್ಟಿಕ್ಕರ್ ಡೀಲರ್‌ನದು, ಕಾರಿನ ಹೆಸರು, ವೇರಿಯಂಟ್, ಎಂಜಿನ್ ಮಾದರಿಯನ್ನು ಹೇಳುವ ಬ್ಯಾಡ್ಜ್‌ಗಳು ತಯಾರಕರವು. ಕೆಲವು ಡೀಲರ್‌ಗಳು ತಮ್ಮದೇ ಕ್ರೋಮ್ ಲಾಂಛನವನ್ನೂ ಅಂಟಿಸುತ್ತಾರೆ. ಡಿಕ್ಕಿಯನ್ನು ಸರಳವಾಗಿಡಲು ಎಲ್ಲವನ್ನೂ ತೆಗೆಯುವ ಆಸೆ ಹಲವರಿಗೆ ಇದೆ. ನೋಂದಣಿ ಪತ್ರದಲ್ಲಿರುವ ಮಾದರಿ, ಬಣ್ಣ, ಎಂಜಿನ್ ವಿವರಗಳು ಯಾವುವೂ ಬದಲಾಗದ ಕಾರಣ ಇದು ವಾಹನವನ್ನು ಮಾರ್ಪಡಿಸಿದಂತೆ ಆಗುವುದಿಲ್ಲ. ನನ್ನ ಸಲಹೆಯೆಂದರೆ, ಡೀಲರ್ ಲಾಂಛನವನ್ನು ಧಾರಾಳವಾಗಿ ತೆಗೆಯಿರಿ, ತಯಾರಕರ ಬ್ಯಾಡ್ಜ್‌ಗಳ ಬಗ್ಗೆ ಎರಡು ದಿನ ಯೋಚಿಸಿ ನಿರ್ಧರಿಸಿ. ಮೇಲ್ದರ್ಜೆಯ ವೇರಿಯಂಟಿನ ಬ್ಯಾಡ್ಜನ್ನು ಕೊಂಡು ಅಂಟಿಸುವುದಂತೂ ಬೇಡ. ಮುಂದೆ ಕಾರು ಕೊಳ್ಳುವವರಿಗೆ ಅದು ಮೋಸವಾಗುತ್ತದೆ.

6. ಅಂಟೋ ಮೊಳೆಯೋ ಎಂದು ತಿಳಿಯುವುದು. ಬ್ಯಾಡ್ಜ್‌ಗಳಲ್ಲಿ ಎರಡು ಬಗೆ. ಅಕ್ಷರಗಳ ಬ್ಯಾಡ್ಜ್ ಹೆಚ್ಚಾಗಿ ಎರಡೂ ಬದಿ ಅಂಟಿರುವ ಸ್ಪಂಜಿನಂಥ ಅಕ್ರಿಲಿಕ್ ಫೋಮ್ ಟೇಪಿನ ಮೇಲೆ ನಿಂತಿರುತ್ತದೆ. ದೊಡ್ಡ ಲಾಂಛನಗಳ ಹಿಂದೆ ಅನೇಕ ವೇಳೆ ಎರಡು ಪ್ಲಾಸ್ಟಿಕ್ ಮೊಳೆಗಳಿದ್ದು, ಅವು ತಗಡಿನ ತೂತುಗಳೊಳಗೆ ಕೂತಿರುತ್ತವೆ. ಇಂಥದನ್ನು ತೆಗೆದರೆ ತೂತುಗಳು ಬಯಲಾಗುತ್ತವೆ. ಮಳೆನೀರು ಒಳಗೆ ಇಳಿದು ತುಕ್ಕು ಹಿಡಿಯುತ್ತದೆ, ಮುಚ್ಚಿಸಬೇಕಾದರೆ ಇಡೀ ಡಿಕ್ಕಿಗೆ ಬಣ್ಣ ಹೊಡೆಸಬೇಕು. ನಿಮ್ಮ ಕಾರಿನಲ್ಲಿ ಯಾವ ಬಗೆ ಇದೆಯೆಂದು ಸರ್ವಿಸ್ ಸೆಂಟರಿನ ಬಿಡಿಭಾಗಗಳ ವಿಭಾಗದಲ್ಲಿ ಹೊಸ ಬ್ಯಾಡ್ಜಿನ ಬೆನ್ನು ನೋಡಿ ತಿಳಿಯಬಹುದು. ಮೊಳೆಯಿದ್ದರೆ ಆ ಆಸೆ ಬಿಡಿ.

ಕೆಲವು ಲಾಂಛನಗಳಿಗೆ ಬೇರೆ ಕೆಲಸವೂ ಇರುತ್ತದೆ. ಫೋಕ್ಸ್‌ವ್ಯಾಗನ್ ಪೋಲೋದಲ್ಲಿ ಹಿಂದಿನ ಲಾಂಛನವೇ ಡಿಕ್ಕಿ ತೆರೆಯುವ ಹಿಡಿ. ಎಡಾಸ್ ಇರುವ, ಅಂದರೆ ಮುಂದಿನ ವಾಹನವನ್ನು ಗುರುತಿಸಿ ತಾನೇ ಬ್ರೇಕ್ ಹಾಕುವಂಥ ಚಾಲಕ ಸಹಾಯಕ ವ್ಯವಸ್ಥೆಯಿರುವ ಕೆಲವು ಕಾರುಗಳಲ್ಲಿ ಮುಂಬದಿಯ ಲಾಂಛನದ ಹಿಂದೆಯೇ ರಾಡಾರ್ ಕೂತಿರುತ್ತದೆ. ಆದ್ದರಿಂದ ಗ್ರಿಲ್ಲಿನ ಲಾಂಛನಕ್ಕೆ ಕೈಹಾಕಬೇಡಿ, ಅದರ ಮೇಲೆ ಬೇರೆ ಸ್ಟಿಕ್ಕರನ್ನೂ ಅಂಟಿಸಬೇಡಿ.

7. ಗುರುತು ಹಾಕಿಕೊಂಡು ದಾರದಿಂದ ಬಿಡಿಸುವುದು. ಬ್ಯಾಡ್ಜಿನ ಫೋಟೊ ತೆಗೆದು, ಮೇಲಂಚಿಗೂ ಎರಡು ಪಕ್ಕಕ್ಕೂ ಮಾಸ್ಕಿಂಗ್ ಟೇಪ್ ಅಂಟಿಸಿ. ಮತ್ತೆ ಹಾಕಬೇಕಾಗಿ ಬಂದರೆ ಅಳತೆ ಸಿಗುತ್ತದೆ, ದಾರ ತಾಗುವ ಬಣ್ಣಕ್ಕೂ ರಕ್ಷಣೆ. ಮೂರನೆಯ ಹಂತದಂತೆಯೇ ಬಿಸಿ ಕೊಟ್ಟು, ಗಾಳದ ದಾರದ ಎರಡು ತುದಿಗಳನ್ನು ಕೈಗವಸು ಹಾಕಿದ ಬೆರಳುಗಳಿಗೆ ಸುತ್ತಿಕೊಂಡು, ಬ್ಯಾಡ್ಜಿನ ಹಿಂದೆ ತೂರಿಸಿ ಗರಗಸದಂತೆ ಆಚೀಚೆ ಆಡಿಸಿ. ದಾರ ಬಣ್ಣಕ್ಕಲ್ಲ, ಬ್ಯಾಡ್ಜಿನ ಬೆನ್ನಿಗೆ ಒತ್ತಿಕೊಂಡಿರಬೇಕು. ಆಗ ಅದು ಫೋಮ್ ಅನ್ನು ಮಧ್ಯಕ್ಕೆ ಸೀಳುತ್ತದೆ. ಒಂದು ಬಿಂದುವಿನಲ್ಲಿ ದಾರ ಗಟ್ಟಿಯಾಗಿ ನಿಂತು, ಇನ್ನೊಂದು ಬದಿಯಿಂದ ಬಂದರೂ ಅಲ್ಲೇ ನಿಂತರೆ ಅಲ್ಲಿ ಮೊಳೆಯಿದೆ. ತಕ್ಷಣ ನಿಲ್ಲಿಸಿ, ಬಿಸಿಯಾಗಿರುವಾಗಲೇ ಬ್ಯಾಡ್ಜನ್ನು ಒತ್ತಿ ಕೂರಿಸಿ. ಬಿಡಿಸಿಕೊಂಡ ಬ್ಯಾಡ್ಜ್ ಕೆಳಗೆ ಬೀಳುವಾಗ ಬಂಪರಿಗೆ ತಾಗದಂತೆ ಒಂದು ಕೈ ಅಡಿಯಲ್ಲಿರಲಿ. ಸಣ್ಣಕ್ಷರಗಳ ಸಾಲಾದರೆ ಅರ್ಧ ಗಂಟೆಯಿಂದ ಒಂದು ಗಂಟೆ ಹಿಡಿಯುತ್ತದೆ.

8. ಫೋಮ್ ಉಳಿಕೆ. ದಾರ ಸೀಳಿದ ಮೇಲೆ ಅರ್ಧ ಫೋಮ್ ಬಣ್ಣದ ಮೇಲೆಯೇ ಉಳಿದಿರುತ್ತದೆ. ಇದನ್ನು ನೋಡಿ ಗಾಬರಿಯಾಗಿ ಕೆರೆಯಲು ಹೋಗುವವರೇ ಹೆಚ್ಚು. ಮತ್ತೆ ಬಿಸಿ ಮಾಡಿ, ಹೆಬ್ಬೆರಳಿನಿಂದ ಒಂದು ತುದಿಯಿಂದ ಉರುಳಿಸುತ್ತ ಬನ್ನಿ. ಅಂಟು ತನ್ನನ್ನು ತಾನೇ ಎತ್ತಿಕೊಂಡು ಉಂಡೆಯಾಗಿ ಬರುತ್ತದೆ. ಹೆಬ್ಬೆರಳು ನೋಯುತ್ತದೆ, ಆದರೆ ಬಣ್ಣಕ್ಕೆ ಇದಕ್ಕಿಂತ ಮೆತ್ತನೆಯ ಉಪಕರಣವಿಲ್ಲ. ಕೊನೆಗೆ ಉಳಿದ ತೆಳು ಪದರಕ್ಕೆ ಐದನೆಯ ಹಂತ. ಡ್ರಿಲ್ ಯಂತ್ರಕ್ಕೆ ಸಿಕ್ಕಿಸುವ ರಬ್ಬರ್ ಚಕ್ರವನ್ನು ಗ್ಯಾರೇಜಿನವರು ಬಳಸುತ್ತಾರೆ; ಅದು ಒಂದೇ ಕಡೆ ನಿಂತರೆ ಬಣ್ಣವನ್ನು ಸುಡುತ್ತದೆ, ಅಭ್ಯಾಸವಿಲ್ಲದವರು ಹೊಸ ಕಾರಿನ ಮೇಲೆ ಪ್ರಯೋಗಿಸಬಾರದು.

9. ಮುಗಿಸುವುದು. ನೀರು ಬೆರೆಸಿದ ಆಲ್ಕೊಹಾಲಿನಿಂದ ಒಮ್ಮೆ ಒರೆಸಿ, ಶಾಂಪೂವಿನಿಂದ ತೊಳೆದು ಒಣಗಿಸಿ. ಬೆಳಕಿಗೆ ಓರೆಯಾಗಿ ನಿಂತು ನೋಡಿದಾಗ ಮಸುಕಾದ ಅಚ್ಚು ಕಂಡರೆ ನಯವಾದ ಫಿನಿಶಿಂಗ್ ಪಾಲಿಶನ್ನು ಕೈಯಿಂದಲೇ ಹಗುರವಾಗಿ ಹಚ್ಚಿ. ಕಾಣದಿದ್ದರೆ ಪಾಲಿಶ್ ಬೇಡ, ಏಕೆಂದರೆ ಪಾಲಿಶ್ ಎಂದರೆ ಕ್ಲಿಯರ್ ಕೋಟನ್ನು ಅಷ್ಟಿಷ್ಟು ಸವೆಸುವುದೇ. ದ್ರಾವಣವು ಆ ಭಾಗದ ವ್ಯಾಕ್ಸನ್ನೂ ತೆಗೆದಿರುವುದರಿಂದ ಕಡೆಯಲ್ಲಿ ಒಂದು ಕೋಟು ವ್ಯಾಕ್ಸ್ ಹಚ್ಚಲೇಬೇಕು. ಹೊಳಪಿಲ್ಲದ ಮ್ಯಾಟ್ ಬಣ್ಣದ ಕಾರಾದರೆ ಪಾಲಿಶ್ ಮತ್ತು ವ್ಯಾಕ್ಸ್ ಎರಡೂ ನಿಷಿದ್ಧ. ಉಜ್ಜಿದ ಜಾಗ ಮಾತ್ರ ಹೊಳೆಯತೊಡಗುತ್ತದೆ, ಅದನ್ನು ಮತ್ತೆ ಮ್ಯಾಟ್ ಮಾಡಲಾಗುವುದಿಲ್ಲ.

ಸೆರಾಮಿಕ್ ಕೋಟಿಂಗ್ ಅಥವಾ ಪಿಪಿಎಫ್ ಮಾಡಿಸುವವರಿಗೆ

ಬಣ್ಣದ ಮೇಲೆ ಗಟ್ಟಿಯಾದ ರಕ್ಷಣಾ ಲೇಪವಾಗಿ ಕೂರುವುದು ಸೆರಾಮಿಕ್ ಕೋಟಿಂಗ್, ಪಾರದರ್ಶಕ ಹಾಳೆಯಾಗಿ ಅಂಟುವುದು ಪಿಪಿಎಫ್. ಇವೆರಡರಲ್ಲಿ ಯಾವುದನ್ನು ಮಾಡಿಸುವುದಿದ್ದರೂ ಸ್ಟಿಕ್ಕರ್, ಬ್ಯಾಡ್ಜ್‌ಗಳ ಕೆಲಸ ಅದಕ್ಕಿಂತ ಮೊದಲೇ ಮುಗಿದಿರಬೇಕು. ಡೀಲರ್ ಬಳಿಯೇ ಕೋಟಿಂಗ್ ಮಾಡಿಸುತ್ತಿದ್ದರೆ ಸ್ಟಿಕ್ಕರ್ ಬಿಟ್ಟು ಸುತ್ತಲೂ ಲೇಪ ಹಚ್ಚಿ ಕೊಡುವ ಸಂಭವವಿದೆ, ಆಗ ಸ್ಟಿಕ್ಕರ್ ತೆಗೆದ ಜಾಗ ರಕ್ಷಣೆಯಿಲ್ಲದೆ ಉಳಿಯುತ್ತದೆ. ಹಾಳೆ ಹಾಕಿದ ಮೇಲೆ ಅದರ ಮೇಲೆಯೇ ಸ್ಟಿಕ್ಕರ್ ಅಂಟಿಸಿದ್ದರೆ, ಬಿಸಿಗೆ ಹಾಳೆಯೂ ಎದ್ದುಬರಬಹುದು, ದ್ರಾವಣಕ್ಕೆ ಅದು ಹಳದಿಯಾಗಬಹುದು. ಅಂಥ ಸಂದರ್ಭದಲ್ಲಿ ಹಾಳೆ ಹಾಕಿದವರಿಂದಲೇ ತೆಗೆಸಿ. ಮತ್ತೆ ಬಣ್ಣ ಹೊಡೆದ ಅನುಮಾನವಿರುವ ಭಾಗವನ್ನೂ ಹಳೆಯ ಕಾರಿನ ಗಡಸಾದ ಬ್ಯಾಡ್ಜ್‌ಗಳನ್ನೂ ಕಾರ್ ಡೀಟೇಲಿಂಗ್ ಮಾಡುವ ಅನುಭವಿಗಳಿಗೆ ವಹಿಸುವುದು ಕ್ಷೇಮ, ಅವರು ಯಾವ ದ್ರಾವಣ ಬಳಸುತ್ತಾರೆಂದು ಮೊದಲೇ ಕೇಳಿ.

ತೆಗೆದ ಬ್ಯಾಡ್ಜ್‌ಗಳನ್ನು ಬಿಸಾಡಬೇಡಿ. ಬೆನ್ನಿನ ಅಂಟು ಸ್ವಚ್ಛಗೊಳಿಸಿ, ಆಗ ತೆಗೆದ ಅಳತೆಯನ್ನು ಒಂದು ಚೀಟಿಯಲ್ಲಿ ಬರೆದು, ಎರಡನ್ನೂ ಕಾರಿನ ಕಾಗದಪತ್ರಗಳ ಜೊತೆ ಇಡಿ. ಕಾರು ಮಾರುವಾಗ ಕೊಳ್ಳುವವರು ಕೇಳಿದರೆ ಹೊಸ ಫೋಮ್ ಟೇಪಿನ ಮೇಲೆ ಅವನ್ನು ಅದೇ ಜಾಗದಲ್ಲಿ ಕೂರಿಸಿ ಕೊಡಬಹುದು.